ಎಕರೆ ಇಲ್ಲದವರ ಪಾಲಿನ ನೀರು



ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತುಕೊಳ್ಳಿ. ನೀರು ಬಿಟ್ಟ ಕಾಲವಾದರೆ ಮೊದಲು ಕಣ್ಣು ಹಾಯಿಸಿದಷ್ಟೂ ನೆಲ್ಲು. ರೈಸ್ ಮಿಲ್ಲುಗಳು, ಗೊಬ್ಬರದ ಅಂಗಡಿಗಳು, ಟ್ರ್ಯಾಕ್ಟರ್ ಷೋರೂಮುಗಳು. ಆಮೇಲೆ ಹಸಿರು ತೆಳುವಾಗುತ್ತದೆ. ಸಜ್ಜೆ, ತೊಗರಿ, ಜೋಳ, ಕೊನೆಗೆ ಮುಗಿಲು ನೋಡುತ್ತಾ ಬಿದ್ದ ನೆಲ. ಇದು ದೇವರು ಗೆರೆ ಎಳೆದು ಮಾಡಿದ್ದಲ್ಲ. ಕಾಲುವೆ ಎಳೆದ ಗೆರೆ. ಕಾಲುವೆಯ ಕೆಳಗಿದ್ದವನಿಗೆ ಅನ್ನ, ಮೇಲಿದ್ದವನಿಗೆ ಗುಳೆ.

ಆದರೆ ಬಸ್ಸಿನ ಕಿಟಕಿಗೆ ಕಾಣದ ಇನ್ನೊಂದು ಗೆರೆ ಇದೆ. ಅದು ಹಸಿರಿನ ಒಳಗೇ ಇದೆ. ಅದೇ ನೆಲ್ಲಿನ ಗದ್ದೆಯಲ್ಲಿ ಬೆನ್ನು ಬಗ್ಗಿಸಿ ನಾಟಿ ಹಚ್ಚುವ ಹೆಣ್ಣುಮಕ್ಕಳಿಗೆ ಆ ಹಸಿರಿನಲ್ಲಿ ಒಂದು ಗುಂಟೆಯೂ ಇಲ್ಲ. ಅವರ ಕೇರಿ ಕಾಲುವೆಯ ಕೆಳಗೇ ಇದೆ. ಆದರೂ ಅವರು ಕಾಲುವೆಯ ಲೆಕ್ಕದಲ್ಲಿಲ್ಲ. ಈ ಎರಡನೆಯ ಗೆರೆಯ ಬಗ್ಗೆ ನಾನು ಮಾತಾಡಬೇಕಾಗಿದೆ. ಯಾಕೆಂದರೆ ಮೊದಲನೆಯದರ ಬಗ್ಗೆ ಮಾತಾಡಲಿಕ್ಕೆ ಎಲ್ಲ ಪಕ್ಷಗಳೂ ಇವೆ. ಎರಡನೆಯದರ ಬಗ್ಗೆ ಮಾತಾಡಲಿಕ್ಕೆ ನಮ್ಮನ್ನು ಬಿಟ್ಟು ಯಾರೂ ಇಲ್ಲ.

ನಮ್ಮ ಮುತ್ಯಾ 1950ರ ದಶಕದಲ್ಲಿ ಈ ಕಾಲುವೆ ಕಡಿದವನು. ಕಡಿದವನು ಅಂದರೆ ನಕ್ಷೆ ಬರೆದವನಲ್ಲ, ಗುದ್ದಲಿ ಹಿಡಿದವನು. ನಮ್ಮ ಅಮ್ಮ, ಅಂದರೆ ಮುತ್ಯಾನ ಹೆಂಡತಿ, ತಲೆಯ ಮೇಲೆ ಪುಟ್ಟಿ ಹೊತ್ತು ಮಣ್ಣು ದಡಕ್ಕೆ ಹಾಕಿದವಳು. ತೋಡಿದ ಗುಣಿ ಅಳೆದು ಕೂಲಿ. ಅಳೆಯುವ ಕೋಲು ಮೇಸ್ತ್ರಿಯ ಕೈಯಲ್ಲಿ. ಕೋಲು ಯಾವತ್ತೂ ನಮ್ಮ ಕಡೆ ಉದ್ದವಾಗಲಿಲ್ಲ. ನಾನು ಶಾಲೆ ಕಲಿಯುವಾಗ ಒಮ್ಮೆ ಕೇಳಿದ್ದೆ:

"ಕಾಲುವಿ ನಾವ ಕಡಿದೀವಿ ಅಂತಿ ಮುತ್ಯಾ, ಮತ್ತ ನಮ್ಮ ಹೊಲ ಎಲ್ಲೈತಿ?"

ಮುತ್ಯಾ ಬೀಡಿ ಆರಿಸಿ ಹೇಳಿದ: "ಹೊಲ ಕೇಳಿದ್ರ ಕೂಲಿನೂ ಹೋಗ್ತಿತ್ತಪ್ಪಾ."

ಇಷ್ಟೇ ಮಾತು. ಇದಕ್ಕೆ ಉತ್ತರ ಹುಡುಕುವುದಕ್ಕೆ ನಾನು ಕಾಲುವೆಯ ಇತಿಹಾಸ ಓದಬೇಕಾಯಿತು.

ಈ ನದಿಯ ಮೇಲೆ ಕಣ್ಣು ಹಾಕಿದ ಮೊದಲ ಸಾಹೇಬರಿಗೆ ನಮ್ಮ ಹಸಿವು ಕಂಡಿರಲಿಲ್ಲ, ಹಡಗು ಕಂಡಿತ್ತು. ಆರ್ಥರ್ ಕಾಟನ್ ಎಂಬ ಇಂಜಿನಿಯರು ನದಿಗಳನ್ನು ಜೋಡಿಸಿ ಹತ್ತಿ, ಕಾಳುಕಡಿಗಳನ್ನು ದೋಣಿಯಲ್ಲಿ ಸಾಗಿಸುವ ಕನಸು ಕಂಡ. 1860ರ ದಶಕದಲ್ಲಿ ಮದ್ರಾಸ್ ನೀರಾವರಿ ಮತ್ತು ಕಾಲುವೆ ಕಂಪನಿ ಇದೇ ತುಂಗಭದ್ರೆಗೆ ಕೆಳಗೆ ಸುಂಕೇಸುಲದಲ್ಲಿ ಅಡ್ಡಗಟ್ಟೆ ಕಟ್ಟಿ ಕರ್ನೂಲು-ಕಡಪ ಕಾಲುವೆ ತೋಡಿಸಿತು. ನೀರೂ ಹಾಯಬೇಕು, ದೋಣಿಯೂ ಓಡಬೇಕು ಎಂಬ ಲೆಕ್ಕ. ಸರ್ಕಾರ ಲಂಡನ್ನಿನ ಷೇರುದಾರರಿಗೆ ಬಡ್ಡಿಯ ಖಾತ್ರಿ ಕೊಟ್ಟಿತ್ತು. ಕಂಪನಿ ಮುಳುಗಿತು, ಬಡ್ಡಿ ಮುಳುಗಲಿಲ್ಲ. 1882ರಲ್ಲಿ ಸರ್ಕಾರ ಕಾಲುವೆಯನ್ನು ದುಡ್ಡು ಕೊಟ್ಟು ಕೊಂಡಿತು. ಆ ದುಡ್ಡು ಯಾರದು? ಕಂದಾಯ ಕೊಟ್ಟವನದು.

ಅದೇ ಹೊತ್ತಿಗೆ ಈಜಿಪ್ಟಿನಲ್ಲಿ ಸೂಯೆಜ್ ಕಾಲುವೆ ತೋಡುತ್ತಿದ್ದರು. 1859ರಲ್ಲಿ ಶುರು, 1869ರಲ್ಲಿ ಮುಗಿಯಿತು. ಮೊದಲ ವರ್ಷಗಳಲ್ಲಿ ಅಲ್ಲಿಯ ಬಡ ರೈತರನ್ನು ಊರೂರಿನಿಂದ ಬಿಟ್ಟಿಗೆ ಎಳೆದು ತಂದರು. ನಮ್ಮ ಕಡೆ ಇದಕ್ಕೆ ವೆಟ್ಟಿ ಅನ್ನುತ್ತಾರೆ, ಅರ್ಥ ಹೇಳಬೇಕಾಗಿಲ್ಲ. ಕಾಲುವೆ ಮುಗಿದ ಮೇಲೆ ಹಡಗಿನ ಟನ್ನಿನ ಲೆಕ್ಕದಲ್ಲಿ ಸುಂಕ, ಷೇರಿನ ಲೆಕ್ಕದಲ್ಲಿ ಲಾಭ. ತೋಡಿದವನ ಲೆಕ್ಕ ಯಾವ ಪುಸ್ತಕದಲ್ಲೂ ಇರಲಿಲ್ಲ. 1956ರಲ್ಲಿ ನಾಸೆರ್ ಆ ಕಂಪನಿಯನ್ನು ರಾಷ್ಟ್ರೀಕರಣ ಮಾಡಿದಾಗ ಇಂಗ್ಲೆಂಡು, ಫ್ರಾನ್ಸುಗಳು ಇಸ್ರೇಲಿನ ಜೊತೆ ಸೇರಿ ಯುದ್ಧಕ್ಕೇ ಬಂದವು. ಕಾಲುವೆ ಅಂದರೆ ಬರೀ ನೀರಲ್ಲ, ಅದರ ಕೀಲಿ ಯಾರ ಕೈಯಲ್ಲಿ ಎಂಬ ಪ್ರಶ್ನೆ. ಆಳುವವರಿಗೆ ಇದು ಚೆನ್ನಾಗಿ ಗೊತ್ತು. ನಮಗೆ ಗೊತ್ತಾಗುವುದು ತಡ.

ಕಾಟನ್ನನ ಹಡಗು ನಮ್ಮ ಊರಿಗೆ ಬರಲಿಲ್ಲ. 1876-78ರ ಧಾತು ಬರ ಬಂತು. ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಹಳ್ಳಿಗಳಿಗೆ ಹಳ್ಳಿಗಳೇ ಬರಿದಾದವು. ಆಮೇಲೆ ಸುಮಾರು 70 ವರ್ಷ ಎರಡು ಸರ್ಕಾರಗಳು ನೀರಿನ ಪಾಲಿಗೆ ಜಗ್ಗಾಡಿದವು. 1944ರಲ್ಲಿ ಮದ್ರಾಸು, ಹೈದರಾಬಾದು ತಲಾ 65 ಟಿಎಂಸಿ ಎಂದು ಒಪ್ಪಿಕೊಂಡವು. 1945ರ ಫೆಬ್ರವರಿಯಲ್ಲಿ ನದಿಯ ಆ ದಂಡೆಗೆ ಮದ್ರಾಸಿನ ಗವರ್ನರು, ಈ ದಂಡೆಗೆ ನಿಜಾಮನ ಮಗ ಬೇರಾರಿನ ಯುವರಾಜ ಅಡಿಗಲ್ಲು ಇಟ್ಟರು. ನಡುವೆ 1948ರ ಪೋಲಿಸ್ ಕಾರ್ಯಾಚರಣೆ ನಡೆದು ನಿಜಾಮ ಹೋದ. 1953ರಲ್ಲಿ ನೀರು ನಿಂತಿತು. ಸುಮಾರು 90 ಹಳ್ಳಿಗಳು, 50 ಸಾವಿರಕ್ಕೂ ಹೆಚ್ಚು ಜನರ ಮನೆಮಾರು ತಳಕ್ಕೆ ಹೋದವು. ಅಡಿಗಲ್ಲಿಟ್ಟವರ ಹೆಸರು ಪುಸ್ತಕದಲ್ಲಿದೆ. ಕಲ್ಲು ಒಡೆದ ವಡ್ಡರ ಹೆಸರು, ಮಣ್ಣು ಹೊತ್ತ ಮಾದಿಗರ, ಚಲವಾದಿಗಳ, ಲಂಬಾಣಿಗರ ಹೆಸರು ಎಲ್ಲಿದೆ?

ಎಡದಂಡೆ ಕಾಲುವೆ 227 ಕಿಲೋಮೀಟರು. ಮುನಿರಾಬಾದಿನಿಂದ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರವಾರ ದಾಟಿ ರಾಯಚೂರಿನ ಕಡೆಗೆ. ಸುಮಾರು 6 ಲಕ್ಷ ಎಕರೆಗೆ ನೀರು. ಕಾಗದದ ಮೇಲೆ ಈ ಕಾಲುವೆ ನಿಜಕ್ಕೂ ಬರದ ನಾಡಿಗಾಗಿ ಮಾಡಿದ್ದು. ಸ್ವಲ್ಪ ಸ್ವಲ್ಪ ನೀರನ್ನು ಬಹಳ ಹೊಲಗಳಿಗೆ ಹಂಚಬೇಕು, ಜೋಳ ಒಣಗಬಾರದು, ಸಜ್ಜೆ ಸಾಯಬಾರದು. ಹೆಚ್ಚು ಹೊಲಕ್ಕೆ ಅರೆನೀರಾವರಿ, ಸ್ವಲ್ಪ ಹೊಲಕ್ಕೆ ಮಾತ್ರ ನೆಲ್ಲು, ಕಬ್ಬು. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದು ಕಚೇರಿಯಲ್ಲೇ ಕೂತು ಗೊತ್ತು ಮಾಡಿದರು. ಇದಕ್ಕೆ ಲೋಕಲೈಸೇಶನ್ ಎಂದು ಹೆಸರು.

ಆದರೆ ತೂಬಿನ ಬಾಯಲ್ಲಿ ನಿಂತವನು ಕಾಗದ ಓದಲಿಲ್ಲ, ನೀರು ಓದಿದ. ಮೇಲ್ಭಾಗದಲ್ಲಿ ಜೋಳದ ಹೊಲ ಗದ್ದೆಯಾಯಿತು. ಒಂದು ಬೆಳೆ ಎರಡಾಯಿತು. ಕರಾವಳಿ ಆಂಧ್ರದಿಂದ ದುಡ್ಡೂ ಕಸುಬೂ ಇದ್ದ ರೈತರು ಬಂದು ಕ್ಯಾಂಪು ಹಾಕಿದರು. ಇವತ್ತಿಗೂ ನಮ್ಮಲ್ಲಿ ಕೆಲವರು ಎಲ್ಲಕ್ಕೂ ಅವರನ್ನೇ ಬೈಯುತ್ತಾರೆ. ಇದು ಸುಳ್ಳು ಸಮಾಧಾನ. ಅವರಿಗೆ ಭೂಮಿ ಮಾರಿದವರು ಯಾರು? ನಮ್ಮ ಊರಿನ ಗೌಡರೇ, ದೇಸಾಯರೇ. ನೂರಾರು ಎಕರೆ ಇಟ್ಟುಕೊಂಡಿದ್ದವರು ಕಾನೂನಿನ ಕಣ್ಣಿಗೆ ಬೀಳುವ ಮುಂಚೆ ಮಾರಿದರು, ಉಳಿದದ್ದನ್ನು ಲೀಸಿಗೆ ಕೊಟ್ಟು ಪಟ್ಟಣ ಸೇರಿದರು. ತೆಲುಗು ಮಾತಾಡುವ ಕ್ಯಾಂಪಿನಲ್ಲೂ ಕೂಲಿಯವನಿದ್ದಾನೆ, ಕನ್ನಡ ಮಾತಾಡುವ ವಾಡೆಯಲ್ಲೂ ಸುಲಿಗೆಯವನಿದ್ದಾನೆ. ಜಗಳ ಭಾಷೆಯದಲ್ಲ, ಭೂಮಿಯದು.

ಸರ್ಕಾರಕ್ಕೆ ಮನಸ್ಸಿದ್ದರೆ ಭೂಮಿ ಕೊಡಲಿಕ್ಕೆ ಬರುತ್ತದೆ ಎಂಬುದಕ್ಕೂ ಸಿಂಧನೂರೇ ಸಾಕ್ಷಿ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿಗೆ ಈ ತಾಲ್ಲೂಕಿನಲ್ಲೇ ಪುನರ್ವಸತಿ ಕ್ಯಾಂಪು ಕಟ್ಟಿ ಭೂಮಿ ಕೊಟ್ಟರು. ಅವರಲ್ಲಿ ಬಹಳ ಮಂದಿ ನಾಮಶೂದ್ರರು, 1946ರಲ್ಲಿ ಅಂಬೇಡ್ಕರರನ್ನು ಸಂವಿಧಾನ ಸಭೆಗೆ ಗೆಲ್ಲಿಸಿ ಕಳಿಸಲು ದುಡಿದ ಜೋಗೇಂದ್ರನಾಥ ಮಂಡಲರ ಜನ. ಅವರಿಗೆ ಕೊಟ್ಟದ್ದು ಸರಿ, ನೂರಕ್ಕೆ ನೂರು ಸರಿ. ನಮ್ಮ ಪ್ರಶ್ನೆ ಒಂದೇ: ಅದೇ ಕಾಲುವೆ ಕಡಿದು ಅದೇ ದಡದಲ್ಲಿ ಗುಡಿಸಲು ಹಾಕಿಕೊಂಡಿದ್ದವನು ಮಾತ್ರ ಯಾಕೆ ಯಾರ ಕಣ್ಣಿಗೂ ನಿರಾಶ್ರಿತನಂತೆ ಕಾಣಲಿಲ್ಲ?

ಈಗ ಆಡಳಿತಕ್ಕೆ ಬನ್ನಿ. ಅಣೆಕಟ್ಟು ತುಂಗಭದ್ರಾ ಮಂಡಳಿಯ ಕೈಯಲ್ಲಿ. ಎಡದಂಡೆ ಕಾಲುವೆ ರಾಜ್ಯದ ನೀರಾವರಿ ನಿಗಮದ ಕೈಯಲ್ಲಿ. ನೀರು ಯಾವಾಗ ಬಿಡಬೇಕು ಎನ್ನುವುದು ಐಸಿಸಿ ಸಭೆ ಎಂದು ನಾವು ಕರೆಯುವ ನೀರಾವರಿ ಸಲಹಾ ಸಮಿತಿಯಲ್ಲಿ. ಅಲ್ಲಿ ಮಂತ್ರಿಗಳು, ಶಾಸಕರು, ಅಧಿಕಾರಿಗಳು. 69ನೇ ಮೈಲಿನಲ್ಲಿ ಗೇಜು ಎಷ್ಟು, 104ನೇ ಮೈಲಿನಲ್ಲಿ ಎಷ್ಟು ಎಂದು ಜಗಳ. ಕೆಳಭಾಗದ ರೈತರು ಪ್ರತಿ ವರ್ಷ ರಸ್ತೆ ತಡೆದು ಕೂಗುತ್ತಾರೆ, ಮೇಲ್ಭಾಗದಲ್ಲಿ ರಾತ್ರಿ ಪೈಪು, ಪಂಪು ಇಳಿಯುತ್ತವೆ. ಪೋಲಿಸರು ಕಾಲುವೆ ಕಾಯುತ್ತಾರೆ, 144ನೇ ಕಲಮು ಹಾಕಿದ್ದೂ ಉಂಟು. ಕೆಳಭಾಗದ ರೈತನ ನೋವು ನಿಜವಾದ ನೋವು, ಅವನ ಜೊತೆ ನಾವು ನಿಲ್ಲಬೇಕು. ಆದರೆ ನಿಂತುಕೊಂಡೇ ಒಂದು ಮಾತು ಕೇಳಬೇಕು.

ಈ ಕಾಲುವೆಯ ಲೆಕ್ಕದ ಪುಸ್ತಕ ತೆಗೆಯಿರಿ. ಲೋಕಲೈಸೇಶನ್ ಎಕರೆ ಲೆಕ್ಕದಲ್ಲಿ. ನೀರಿನ ಕರ ಎಕರೆ ಲೆಕ್ಕದಲ್ಲಿ. 2000ದ ತಿದ್ದುಪಡಿಯ ಮೇಲೆ ಊರೂರಿಗೆ ನೀರು ಬಳಕೆದಾರರ ಸಹಕಾರ ಸಂಘ ಮಾಡಿದರು. ಅದರಲ್ಲಿ ಸದಸ್ಯನಾಗಬೇಕಾದರೆ ಕಾಲುವೆಯ ಕೆಳಗೆ ಹೊಲ ಇರಬೇಕು. ನೀರು ಬಳಸುವವಳು ಅಂದರೆ ಯಾರು? ಕೊಡ ಹೊತ್ತು ಹೋಗುವವಳಲ್ಲವೇ? ಎಮ್ಮೆಗೆ ನೀರು ಕುಡಿಸುವವಳಲ್ಲವೇ? ಅವಳು ಆ ಸಂಘದ ಪಟ್ಟಿಯಲ್ಲಿಲ್ಲ. ತೂಬಿನ ಹತ್ತಿರ ರಾತ್ರಿ ಮಲಗಿ ನೀರು ತಿರುಗಿಸುವ ಹಂಗಾಮಿ ಗ್ಯಾಂಗ್‌ಮನ್ ಸಂಬಳಕ್ಕಾಗಿ ಧರಣಿ ಕೂರಬೇಕು. ಅವನ ಕೈಯಲ್ಲಿ ಕೀಲಿ ಇದೆ, ಅವನಿಗೆ ಹೊಲವಿಲ್ಲ. ಹೊಲ ಇದ್ದವನ ಕೈಯಲ್ಲಿ ಅವನ ನೌಕರಿ ಇದೆ.

ಅಂದು ಕಂಪನಿ ಷೇರಿನಲ್ಲಿ ಎಣಿಸಿತು. ಸೂಯೆಜ್‌ನವರು ಟನ್ನಿನಲ್ಲಿ ಎಣಿಸಿದರು. ಇಂದು ನಮ್ಮ ಸರ್ಕಾರ ಎಕರೆಯಲ್ಲಿ ಎಣಿಸುತ್ತದೆ. ಮನುಷ್ಯರನ್ನು ಎಣಿಸುವ ಕಾಲುವೆ ಇನ್ನೂ ಹುಟ್ಟಿಲ್ಲ.

ಇದು ಬರೀ ಮಾತಲ್ಲ, ಇದರಿಂದ ಹೊಟ್ಟೆಯ ಮೇಲೆ ಏನು ಬೀಳುತ್ತದೆ ನೋಡಿ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಹರಿಯುವ ನೀರಿನ ನಡುವೆಯೇ ಜೀವ ಪಣಕ್ಕಿಟ್ಟು ತಾತ್ಕಾಲಿಕ ಗೇಟು ಇಳಿಸಿದವರು ಕೂಲಿಕಾರರು, ಫಿಟ್ಟರುಗಳು, ವೆಲ್ಡರುಗಳು. ಒಂದು ವಾರದಲ್ಲಿ ನೀರು ನಿಂತಿತು. 2025ರ ಮಳೆಗಾಲದಲ್ಲಿ ಹಳೆಯ ಗೇಟುಗಳ ಭಯಕ್ಕೆ 80 ಟಿಎಂಸಿಗಷ್ಟೇ ನೀರು ನಿಲ್ಲಿಸಿದರು. 33 ಗೇಟುಗಳನ್ನೂ ಬದಲಿಸಬೇಕೆಂದು 2025-26ರ ಎರಡನೇ ಬೆಳೆಗೆ ನೀರಿಲ್ಲ ಎಂದರು. ಗೇಟು ಬದಲಿಸಬೇಕಾದದ್ದೇ. ಅದರ ಬಗ್ಗೆ ತಕರಾರಿಲ್ಲ. ಕೂಡಲೇ ಕೂಗು ಎದ್ದಿತು: ಎಕರೆಗೆ ಇಷ್ಟು ಸಾವಿರ ಪರಿಹಾರ ಕೊಡಿ!

ಎಕರೆಗೆ! ಎಕರೆ ಇಲ್ಲದವನಿಗೆ?

ನೀರು ನಿಂತರೆ ಭೂಮಾಲೀಕನಿಗೆ ಒಂದು ಬೆಳೆ ಹೋಗುತ್ತದೆ. ನಾಟಿ ಹಚ್ಚುವ ಹೆಂಗಸಿಗೆ ಒಂದು ಹಂಗಾಮಿನ ಒಲೆಯೇ ಆರುತ್ತದೆ. ಕಟಾವಿನ ಕೂಲಿಯನ್ನು ಮಷೀನು ಮೊದಲೇ ನುಂಗಿದೆ. ಉಳಿದದ್ದು ನಾಟಿ, ಕಳೆ. ಅದೂ ಹೋದರೆ ಬಾಗಿಲಿಗೆ ಕೀಲಿ ಜಡಿದು, ಮಕ್ಕಳ ಶಾಲೆ ಬಿಡಿಸಿ, ಬೆಂಗಳೂರಿನ ಬಸ್ಸು ಹತ್ತಬೇಕು. ಊರ ಕುಡಿಯುವ ನೀರಿನ ಕೆರೆಗೂ ಇದೇ ಕಾಲುವೆಯ ನೀರು. ಕೆರೆ ತಳ ಕಂಡಾಗ ಗೌಡನ ಮನೆಯಲ್ಲಿ ಬೋರಿರುತ್ತದೆ, ಕೇರಿಯಲ್ಲಿ ಕೊಡಗಳ ಸಾಲಿರುತ್ತದೆ. ಎರಡನೇ ಬೆಳೆ ಹೋದಾಗ ಮೊದಲು ಸತ್ತವರು ಪರಿಹಾರದ ಅರ್ಜಿಯಲ್ಲೇ ಇಲ್ಲ. ಶಿಕ್ಷಕ ಮಿತ್ರರೇ, ಹಾಜರಿ ಪುಸ್ತಕ ತೆಗೆದು ನೋಡಿ. ನೀರು ನಿಂತ ಹಂಗಾಮಿನಲ್ಲಿ ಯಾವ ಕೇರಿಯ ಮಕ್ಕಳು ಮಾಯವಾಗುತ್ತಾರೆ ಎಂದು ನಿಮಗಿಂತ ಚೆನ್ನಾಗಿ ಯಾವ ಇಂಜಿನಿಯರಿಗೂ ಗೊತ್ತಿಲ್ಲ.

ಇನ್ನು ಮಸ್ಕಿ, ಲಿಂಗಸುಗೂರು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಹಳಬರು ಇದನ್ನು ಎಡೆದೊರೆ ನಾಡು ಎಂದರು. ಎರಡು ಹೊಳೆಗಳ ನಡುವೆ ಕೂತು ಬಾಯಾರುವ ನಾಡು! 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆಗೆ ಅಡಿಗಲ್ಲಿಟ್ಟರು. ನಾರಾಯಣಪುರ ಬಲದಂಡೆ ಕಾಲುವೆ ಲಿಂಗಸುಗೂರು, ದೇವದುರ್ಗದ ಕಡೆ ಬಂತು. ಮಸ್ಕಿಯ ಪಾಮನಕಲ್ಲೂರು ಸೀಮೆಯ ಹಳ್ಳಿಗಳಿಗೆ ಬರಲಿಲ್ಲ. 5ಎ ಶಾಖಾ ಕಾಲುವೆ ಮಾಡಿಕೊಡಿ ಎಂದು ಅಲ್ಲಿಯ ರೈತರು 2020ರ ನವೆಂಬರಿನಲ್ಲಿ ಧರಣಿ ಕೂತರು. ತಿಂಗಳುಗಟ್ಟಲೆ ಕೂತರು. ಸರ್ಕಾರ ನಂದವಾಡಗಿ ಏತ ನೀರಾವರಿಯ ಕಡೆ ಕೈ ತೋರಿಸಿತು. 2021ರ ಏಪ್ರಿಲಿನಲ್ಲಿ ಮಸ್ಕಿಯ ಉಪಚುನಾವಣೆ ಬಂದಾಗ ಎಲ್ಲ ಪಕ್ಷದವರ ಬಾಯಲ್ಲೂ 5ಎ. ಆಳುವ ಪಕ್ಷವೇ ಸೋತಿತು. ಆ ಹೋರಾಟ ದೊಡ್ಡದು. ಅದಕ್ಕೆ ನಮ್ಮ ಬೆಂಬಲವಿದೆ. ಆದರೆ ಪಾಮನಕಲ್ಲೂರಿನ ಸಂಗಾತಿಗಳಿಗೂ ಈಗಲೇ, ನೀರು ಬರುವ ಮುಂಚೆಯೇ ಕೇಳುತ್ತೇವೆ: ನಾಳೆ ಕಾಲುವೆ ಬಂದಾಗ ಧರಣಿಯ ಚಾಪೆಯ ಮೇಲೆ ನಿಮ್ಮ ಜೊತೆ ಕೂತ ಕೂಲಿಕಾರನಿಗೆ ಏನು ಪಾಲು? ಸಿಂಧನೂರಿನಲ್ಲಿ ಆದದ್ದೇ ಮಸ್ಕಿಯಲ್ಲೂ ಆಗಬೇಕೇ?

ಇದಕ್ಕೆ ಎರಡು ಉತ್ತರ ಕೇಳಿಬರುತ್ತವೆ.

ಒಂದು: "ಹೊಲ ಇಲ್ಲದವನು ನೀರು ತಗೊಂಡು ಏನ್ ಮಾಡ್ತಾನ?" ಇದು ಕೆರೆ ಮುಟ್ಟಿದರೆ ನೀರು ಮೈಲಿಗೆ ಅಂದವರ ಮೊಮ್ಮಕ್ಕಳ ಪ್ರಶ್ನೆ. 1927ರಲ್ಲಿ ಮಹಾಡಿನ ಚವದಾರ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರು ಎತ್ತಿದಾಗಲೂ, ನಿಮಗ್ಯಾಕೆ ಈ ಕೆರೆ ಅಂದಿದ್ದರು. ಅಂದು ಜಾತಿ ಅಡ್ಡ ಬಂತು, ಇಂದು ಪಹಣಿ ಅಡ್ಡ ಬರುತ್ತದೆ. ಪಹಣಿಯೊಳಗೂ ಜಾತಿಯೇ ಕೂತಿದೆ. ಮಹಾರಾಷ್ಟ್ರದ ಪುರಂದರ ತಾಲ್ಲೂಕಿನಲ್ಲಿ 1972ರ ಬರದ ಮೇಲೆ ವಿಲಾಸರಾವ್ ಸಾಳುಂಖೆ ಎಂಬುವರು ಪಾನಿ ಪಂಚಾಯತ್ ಕಟ್ಟಿದರು. ಅಲ್ಲಿ ನೀರಿನ ಪಾಲು ಹೊಲದ ಲೆಕ್ಕದಲ್ಲಲ್ಲ, ತಲೆ ಲೆಕ್ಕದಲ್ಲಿ. ತಲೆಗೆ ಅರ್ಧ ಎಕರೆಗಾಗುವಷ್ಟು, ಭೂಮಿ ಇಲ್ಲದವನಿಗೂ ಪಾಲು. ಕಬ್ಬು ಬೆಳೆಯುವಂತಿಲ್ಲ. ಆಗುವುದಿಲ್ಲ ಅನ್ನುವವರು ಅಲ್ಲಿ ಆದದ್ದನ್ನು ಮೊದಲು ಓದಲಿ. ನೀರಿನ ಪಾಲು ಕೈಯಲ್ಲಿದ್ದರೆ ಹೊಲ ಇಲ್ಲದವನು ಪಾಲಿಗೆ ಹೊಲ ಮಾಡಬಹುದು. ನೀರಿಲ್ಲದ ಹೊಲದವನು ಅವನ ಮನೆ ಬಾಗಿಲಿಗೆ ಬರುತ್ತಾನೆ. ಆ ದಿನ ಊರಿನ ಲೆಕ್ಕವೇ ತಿರುಗುತ್ತದೆ. ಅವರಿಗೆ ಭಯ ಇರುವುದೂ ಅಲ್ಲಿಯೇ.

ಎರಡು: "ನೆಲ್ಲು ನಿಂತರ ನಿಮ್ಮ ಕೂಲಿನೇ ಹೋಗ್ತೈತಿ, ನೀವ ಯಾಕ ನೆಲ್ಲಿನ ವಿರುದ್ಧ ಮಾತಾಡ್ತೀರಿ?" ಈ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದನ್ನು ಮುಚ್ಚಿಡಬಾರದು. ನೆಲ್ಲು ನಮಗೆ ಕೂಲಿ ಕೊಟ್ಟಿದೆ. ಆದರೆ ಅದೇ ನೆಲ್ಲು ಮೇಲ್ಭಾಗದ ನೆಲವನ್ನು ಸವಳು-ಜವಳು ಮಾಡಿದೆ, ಕೆಳಭಾಗದ ಕೂಲಿಯನ್ನು ನೀರಿನ ಜೊತೆಗೇ ಕಿತ್ತುಕೊಂಡಿದೆ. ಸಿರವಾರದ ಕೊನೆ ತೂಬಿನ ಹೊಲ ಒಣಗಿದರೆ ಅಲ್ಲಿಯ ನಮ್ಮ ಅಕ್ಕತಂಗಿಯರ ಕೂಲಿಯೂ ಒಣಗಿತು. ಒಂದು ಕೇರಿಯ ಅನ್ನವನ್ನು ಇನ್ನೊಂದು ಕೇರಿಯ ಹಸಿವಿನ ಮೇಲೆ ಬೇಯಿಸುವುದು ಧಣಿಯ ಜಾಣತನ. ನಾವು ಅದಕ್ಕೆ ಸೌದೆಯಾಗಬಾರದು.

1942ರಿಂದ 46ರವರೆಗೆ ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ನೀರಾವರಿಯ ಖಾತೆಯೂ ಬಾಬಾಸಾಹೇಬರ ಕೈಯಲ್ಲಿತ್ತು. 1945ರಲ್ಲಿ ಕೇಂದ್ರ ಜಲಮಾರ್ಗ, ನೀರಾವರಿ ಮತ್ತು ನೌಕಾಯಾನ ಆಯೋಗ ಹುಟ್ಟಿದ್ದು ಅವರ ಕಾಲದಲ್ಲಿಯೇ. ಅಣೆಕಟ್ಟು ಬೇಕು ಎಂದವರು ಅವರು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. 1947ರಲ್ಲಿ ಅವರು ಬರೆದ ಸಂವಿಧಾನದ ಕರಡಿನಲ್ಲಿ ಭೂಮಿ ಸರ್ಕಾರದ್ದಾಗಬೇಕು, ಊರಿನ ಎಲ್ಲರೂ ಜಾತಿ ಭೇದವಿಲ್ಲದೆ ಕೂಡಿ ಉಳಬೇಕು, ಜಮೀನ್ದಾರನೂ ಇರಬಾರದು, ಭೂಮಿ ಇಲ್ಲದ ಕೂಲಿಯೂ ಇರಬಾರದು ಎಂದಿದ್ದರು. ದೇಶ ಅವರ ಅಣೆಕಟ್ಟು ತೆಗೆದುಕೊಂಡಿತು, ಭೂಮಿಯ ಮಾತು ಬಿಟ್ಟಿತು. 2020ರಲ್ಲಿ ನಮ್ಮ ರಾಜ್ಯ ಭೂಸುಧಾರಣಾ ಕಾಯ್ದೆಗೇ ಕತ್ತರಿ ಹಾಕಿ, ದುಡ್ಡಿದ್ದವನು ಯಾರಾದರೂ ಹೊಲ ಕೊಳ್ಳಬಹುದು ಎಂದಿತು. ಕಾಲುವೆಯ ಕೆಳಗಿನ ಹೊಲ ಕೊಳ್ಳಲು ದುಡ್ಡು ಯಾರ ಬಳಿ ಇದೆ?

ಅದಕ್ಕೇ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ನೀರಿನ ಪಾಲು ತಲೆ ಲೆಕ್ಕದಲ್ಲಿ ಆಗಲಿ. ನೀರು ಬಳಕೆದಾರರ ಸಂಘದಲ್ಲಿ ಹೊಲ ಇಲ್ಲದವರಿಗೂ, ಅದರಲ್ಲೂ ಹೆಣ್ಣುಮಕ್ಕಳಿಗೆ, ಮತದ ಹಕ್ಕು ಇರಲಿ. ನೀರು ನಿಂತ ಹಂಗಾಮಿಗೆ ಎಕರೆಯವನಿಗೆ ಪರಿಹಾರ ಕೊಡುವುದಾದರೆ ಮೊದಲು ಕೂಲಿಯವಳಿಗೆ ಕೊಡಲಿ. ಗ್ಯಾಂಗ್‌ಮನ್ನರ ಕೆಲಸ ಖಾಯಂ ಆಗಲಿ. ಕುಡಿಯುವ ನೀರಿನ ಕೆರೆ ತುಂಬದೆ ಗದ್ದೆಗೆ ತೂಬು ಎತ್ತುವಂತಿಲ್ಲ ಎಂಬ ನಿಯಮ ಇರಲಿ. ಹೂಳು ತುಂಬಿ ಜಲಾಶಯ ಕಳೆದುಕೊಂಡ ನೀರಿಗಾಗಿ ನವಲಿಯಲ್ಲಿ ಇನ್ನೊಂದು ಜಲಾಶಯದ ಮಾತು ನಡೆದಿದೆ. ಅಲ್ಲಿಯೂ ಎಕರೆಗೆ ಬೆಲೆ ಕಟ್ಟಿ, ಎಕರೆ ಇಲ್ಲದವನನ್ನು ಬೀದಿಗೆ ಹಾಕುವುದಾದರೆ ಅಡಿಗಲ್ಲು ಇಡಲು ಬಿಡಬಾರದು.

ವಿದ್ಯಾರ್ಥಿ ಗೆಳೆಯರೇ, ಈ ರಜೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಊರಿನ ಪಹಣಿ ತೆಗೆಸಿ. ತೂಬಿನ ಕೆಳಗೆ ಎಷ್ಟು ಎಕರೆ, ಅದರಲ್ಲಿ ಕೇರಿಯವರದು ಎಷ್ಟು, ಬರೆದುಕೊಳ್ಳಿ. ಕಾಲುವೆ ಕಡಿದ ಮುದುಕರ ಮನೆಯವರಿನ್ನೂ ಇದ್ದಾರೆ, ಅವರ ಹೆಸರು ಬರೆದುಕೊಳ್ಳಿ. ಆ ಎರಡು ಪಟ್ಟಿ ಹಿಡಿದು ಮುಂದಿನ ಐಸಿಸಿ ಸಭೆಯ ಬಾಗಿಲಿಗೆ ಹೋಗೋಣ.

ಬರುವ ದಾರಿಯಲ್ಲಿ ಮಸ್ಕಿಯ ಗುಡ್ಡ ಹತ್ತಿ ಆ ಬಂಡೆ ನೋಡಿ ಬನ್ನಿ. 1915ರಲ್ಲಿ ಚಿನ್ನ ಹುಡುಕುತ್ತಾ ಬಂದ ಬೀಡನ್ ಎಂಬ ಇಂಜಿನಿಯರಿಗೆ ಅಶೋಕನ ಶಾಸನ ಸಿಕ್ಕಿತು. ದೇವಾನಾಂಪ್ರಿಯ ಅಂದರೆ ಅಶೋಕನೇ ಎಂದು ಲೋಕಕ್ಕೆ ಹೇಳಿದ ಶಾಸನ. ಎಲ್ಲರೂ ಆ ಹೆಸರನ್ನಷ್ಟೇ ಪಾಠ ಮಾಡುತ್ತಾರೆ. ಅದರಲ್ಲಿ ಇನ್ನೊಂದು ಮಾತಿದೆ: ಈ ಫಲ ದೊಡ್ಡವರಿಗೆ ಮಾತ್ರ ಸಿಗುವುದೆಂದು ತಿಳಿಯಬಾರದು, ಸಣ್ಣವನೂ ಇದನ್ನು ಪಡೆಯಬಲ್ಲ, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಎಂಬ ಅರ್ಥದ ಮಾತು. ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ರಾಜ ನಮ್ಮ ಊರಿನ ಬಂಡೆಯ ಮೇಲೆ ಕೆತ್ತಿಸಿದ ಮಾತು ನಮ್ಮ ಕಾಲುವೆಯ ಪುಸ್ತಕದಲ್ಲಿ ಇನ್ನೂ ಬರೆದಿಲ್ಲ.

ಮುತ್ಯಾ ಹೊಲ ಕೇಳಲಿಲ್ಲ, ಕೂಲಿ ಹೋಗುತ್ತದೆಂದು ಅಂಜಿದ. ಈಗ ಕೂಲಿಯೂ ಹೋಗಿದೆ. ಇನ್ನು ಅಂಜುವುದಕ್ಕೆ ಏನು ಉಳಿದಿದೆ?